ಅತ್ತೆ ಬೇಡವೆಂದ ವಾಗ್ಗೇಯಕಾರ

"ಆರಿಸ್ಬೇಡ ಕಣೇ!" ಎಂದು ಅತ್ತೆಯವರು ಮಲಗಿದಲ್ಲಿಂದಲೇ ಕೂಗಿದಾಗ ನನ್ನ ಕೈ ರೇಡಿಯೊದ ಗುಂಡಿಯ ಮೇಲೇ ನಿಂತುಬಿಟ್ಟಿತು. ಎಂಬತ್ತರ ದಶಕದ ಆರಂಭವದು. ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯಲ್ಲಿ ರಾತ್ರಿ ತಡವಾಗಿ ಬರುವ ಶಾಸ್ತ್ರೀಯ ಸಂಗೀತ ನನ್ನೊಬ್ಬಳ ಹುಚ್ಚು. ಅತ್ತೆಯವರ ಪಾಲಿಗೆ ನಿದ್ದೆಗೇಡು. ಅಂದು ಹಾಡು ಮುಗಿದು, ನಾನೆಂದೂ ಕೇಳಿರದ ವಾಗ್ಗೇಯಕಾರರೊಬ್ಬರ ಹೆಸರು ರೇಡಿಯೊದಲ್ಲಿ ಬಂದದ್ದೇ ತಡ, ಅತ್ತೆಯವರು ಹಾಗೆ ಕೂಗಿ, ಎದ್ದುಬಂದು ನನ್ನ ಪಕ್ಕ ಕುಳಿತರು.

"ಇವ್ರು ನನ್ನ ನೋಡೋಕೆ ಬಂದಿದ್ರು ಕಣೇ. ಹುಡುಗೀನ ಹಾಡು ಅನ್ನೋದು ಬಿಟ್ಟು ತಾವೇ ಹಾಡ್ತಾ ಕೂತ್ರು. ಉಪ್ಪಿಟ್ಟೆಲ್ಲ ತಣ್ಣಗಾಗೋಯ್ತು. ನಾನು ಬೇಡ ಅಂದ್ಬಿಟ್ಟೆ."

ಮುಂದಿನ ಕೃತಿಯೂ ಅವರದೇ ಆಗಿತ್ತು. ಅತ್ತೆಯವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಚೆನ್ನಾಗೇ ಮಾಡಿದಾರೆ," ಎಂದರು ಮೆಲ್ಲಗೆ. ಒಳಗೆ ಮಾವನವರ ಗೊರಕೆ ಯಾವಾಗಲೋ ನಿಂತುಹೋಗಿದ್ದನ್ನು ನಾವಿಬ್ಬರೂ ಗಮನಿಸಿರಲಿಲ್ಲ.

ಮರುದಿನದಿಂದ ಮಾವನವರೂ ರೇಡಿಯೊ ಮುಂದೆ ಹಾಜರು. ಹೆಸರೇ ಕೇಳಿರದ ಎಷ್ಟೋ ವಾಗ್ಗೇಯಕಾರರು ನಮ್ಮ ಮನೆಗೆ ಪರಿಚಯವಾದದ್ದು ಹಾಗೆ. ಹೊಸ ಹೆಸರು ಬಂದಾಗಲೆಲ್ಲ ಮಾವನವರು ಅತ್ತೆಯತ್ತ ತಿರುಗಿ ಗಂಭೀರವಾಗಿ ಕೇಳುತ್ತಿದ್ದರು: "ಇವ್ರೂ ಬಂದಿದ್ರೇನೇ?"