ಎಕ್ಸ್‌ರೇ ಭಾವನ ನಿಜವಾದ ಕೆಲಸ

ಬೆಳಗಿನ ಲೋಕಲ್ ರೈಲು ಹಿಡಿದು ಥಾಣೆ ಬಳಿಯ ದಿವಾದಿಂದ ಡೊಂಬಿವಲಿಗೆ ಬಂದಿಳಿಯುವ ಲೋಕನಾಥ ಅವರು ಸೋನೋಗ್ರಫಿ ಸ್ಕ್ಯಾನಿಂಗ್ ಕೇಂದ್ರದ ಬೀಗ ತೆಗೆದವರೇ ಬಿಸಿನೀರಿನಲ್ಲಿ, ಸ್ಕ್ಯಾನಿಂಗ್‌ಗೆ ಮೈಗೆ ಹಚ್ಚುವ ಜೆಲ್ ಬಾಟಲಿ ಇಳಿಸುತ್ತಾರೆ. ವೃಷಣದಲ್ಲಿ ಬಾವು, ಗಡ್ಡೆ ಎಂದು ಬರುವ ಗಂಡಸರು ಮೊದಲೇ ಮುದುಡಿರುತ್ತಾರೆ. ತಣ್ಣಗಿನ ಜೆಲ್ ತಾಗಿದರೆ ಕೇಳುವುದೇ ಬೇಡ. ಅವರನ್ನು ಮಲಗಿಸಿ, ತೊಡೆಗಳ ನಡುವೆ ಆಸರೆಗೆ ಮಡಚಿದ ಟವೆಲ್ ಇಟ್ಟು, ಮೇಲೊಂದು ಬಟ್ಟೆ ಹೊದಿಸಿ, ಡಾಕ್ಟರ್ ಬರುವ ತನಕ ಧೈರ್ಯ ಹೇಳುವುದು ಲೋಕನಾಥರ ಕೆಲಸ.

"ಎಲ್ಲರೂ ಹೊಟ್ಟೆನೋವು ಅಂತಲೇ ಶುರು ಮಾಡುದು ಮಾರಾಯ್ರೆ. ಹೊಟ್ಟೆಯಾ, ಅದರ ಕೆಳಗಿನ ಮಾಳಿಗೆಯಾ ಅಂತ ಕೇಳ್ತೇನೆ. ನಗಾಡಿದ್ರೆ ಅರ್ಧ ಟೆನ್ಶನ್ ಹೋಯ್ತು."

ಕಾರ್ಕಳದ ಕಡೆಯಿಂದ ಬಂದು ಥಾಣೆಯ ಹೋಟೆಲಿನಲ್ಲಿ ಲೋಟ ತೊಳೆದವರು ಅವರು. ಆಸ್ಪತ್ರೆಗಳಲ್ಲಿ ವಾರ್ಡ್‌ಬಾಯ್ ಆಗಿ ಅಲೆದು ಇಲ್ಲಿ ನೆಲೆ ನಿಂತರು. ಮದುವೆ ಮಾತುಕತೆಯಲ್ಲಿ ಈ ಕೆಲಸದ ಹೆಸರು ಯಾರ ಬಾಯಿಗೂ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಎಕ್ಸ್‌ರೇ ಯಂತ್ರ ಇತ್ತಲ್ಲ, ಹೆಂಡತಿ ಲೋಲಾಕ್ಷಿ ನೆಂಟರಿಗೆಲ್ಲ "ಎಕ್ಸ್‌ರೇಯಲ್ಲಿದ್ದಾರೆ" ಎಂದುಬಿಟ್ಟರು. ಲೋಲಾಕ್ಷಿಯ ತಮ್ಮ ಸೂರಜ್‌ಗೆ ಇವರು 'ಎಕ್ಸ್‌ರೇ ಭಾವ' ಆದರು.

ಸೂರಜ್ ವಾಶಿಯ ಕ್ಯಾಂಟೀನ್ ಒಂದರಲ್ಲಿ ಕ್ಯಾಷಿಯರ್. ಇರುತ್ತಿದ್ದದ್ದು ಅಕ್ಕ-ಭಾವನ ಒಂದೇ ಕೋಣೆಯ ಮನೆಯಲ್ಲಿ. ಹೋದ ವರ್ಷ ಅವನ ಒಂದು ವೃಷಣದಲ್ಲಿ ಗಟ್ಟಿ ಗಂಟಾಯಿತು. ನೋವಿರಲಿಲ್ಲ. ಅಕ್ಕನಿಗೆ ಹೇಳುವಂಥದ್ದಲ್ಲ, ಭಾವನದ್ದು ಮೂಳೆ ನೋಡುವ ಕೆಲಸ. ಹುಡುಗ ಬಾಯಿಗೆ ಬೀಗ ಹಾಕಿಕೊಂಡ. ತಿಂಗಳುಗಳ ನಂತರ ಕೆಮ್ಮು ನಿಲ್ಲದಾದಾಗ ಅವನೇ ಬಂದು, "ಭಾವ, ಎದೆಯದ್ದೊಂದು ಎಕ್ಸ್‌ರೇ ತೆಗೆಸಿ ಕೊಡಿ" ಎಂದ.

ಚಿತ್ರದಲ್ಲಿ ಶ್ವಾಸಕೋಶದ ತುಂಬ ಕಲೆ. ಡಾಕ್ಟರ್ ಮೈ ಮುಟ್ಟಿ ನೋಡಿ, ಕೆಳಗೂ ಸೋನೋಗ್ರಫಿ ಆಗಲಿ ಎಂದರು. ಆ ದಿನ ಲೋಕನಾಥರು ಟವೆಲ್ ಮಡಚಿದ್ದು ತಮ್ಮನಂತೆ ಸಾಕಿದ ಹುಡುಗನಿಗೆ.

"ಭಾವ, ನಿಮ್ಮದು ಈ ಕೆಲಸವಾ?" ಮಲಗಿದಲ್ಲಿಂದಲೇ ಸೂರಜ್ ಕೇಳಿದ. "ಗೊತ್ತಿದ್ರೆ ಆವಾಗಲೇ ಹೇಳ್ತಿದ್ದೆ."

ಬೇಗ ಸಿಕ್ಕಿದರೆ ಹೆಚ್ಚಿನವರು ಗುಣವಾಗುವ ವೃಷಣದ ಕ್ಯಾನ್ಸರ್ ಅದು; ಅಷ್ಟರಲ್ಲಿ ಶ್ವಾಸಕೋಶಕ್ಕೆ ಹರಡಿತ್ತು. ಸೂರಜ್ ಉಳಿಯಲಿಲ್ಲ. ಲೋಕನಾಥರು ಟವೆಲ್ ಮಡಚುತ್ತಲೇ ಹೇಳುತ್ತಾರೆ: "ಬಂದವರ ನಾಚಿಕೆಯೆಲ್ಲ ಬಿಡಿಸಿದೆ. ನಮ್ಮ ಮನೆಯದ್ದು ಬಿಡಿಸ್ಲಿಕ್ಕೆ ಆಗ್ಲಿಲ್ಲ."

ಈಗ ಲೋಲಾಕ್ಷಿ ಭಜನೆಯಲ್ಲಿ, ಸೀಮಂತದಲ್ಲಿ, ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ಗಂಡಸರ ಬೀಜದ ಸ್ಕ್ಯಾನಿಂಗ್ ಮಾಡುವಲ್ಲಿದ್ದಾರೆ. ನಿಮ್ಮ ಹುಡುಗರಿಗೆ ಏನಾದ್ರೂ ಇದ್ರೆ ಕಳಿಸಿ." ಕೆಲವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ನಗಲಿ.

ಕಳೆದ ವಾರ ಕಲ್ಯಾಣದ ಹೋಟೆಲ್ ಕೆಲಸಗಾರನೊಬ್ಬ ಬಂದು ನೇರವಾಗಿ, "ಲೋಲಾಕ್ಷಿಯಕ್ಕ ಕಳಿಸಿದ್ದು, ಬೀಜ ಊದಿದೆ" ಎಂದ. ಕಾರ್ಕಳದ ಕಡೆಯವರಲ್ಲಿ ಹೊಟ್ಟೆನೋವಿನ ನೆಪ ಹೇಳದೆ ಬಂದವನು ಇವನೇ ಮೊದಲು. ಪರೀಕ್ಷೆ ಮುಗಿಸಿದ ಡಾಕ್ಟರ್, ಬರೀ ನೀರು ತುಂಬಿದೆ, ಹೆದರಬೇಡ ಎಂದರು. ಲೋಕನಾಥರು ಹೊರಗೆ ಹೋಗಿ ಮುಖ ತೊಳೆದು ಬಂದರು.

ಇನ್ನೇನು ಬೇಕು ಎಂದು ಕೇಳಿದರೆ ಜೆಲ್ ಒರೆಸುತ್ತಾ ಹೇಳುತ್ತಾರೆ: "ಅವಳು ಹೀಗೇ ಕಳಿಸ್ತಾ ಇರ್ಲಿ. ಬಂದವರಿಗೆಲ್ಲ ಬರೀ ನೀರೇ ಇರ್ಲಿ."