ಹೊಸತೇನು ಸಾಹೇಬನ ಬಾಗಿಲು ಕೇಸು

ಪೇಟೆಂಟ್ ಕಚೇರಿಯಲ್ಲಿದ್ದಷ್ಟು ಕಾಲ ಅವನನ್ನು ನಾವೆಲ್ಲರೂ ಬಹುವಚನದಲ್ಲೇ ಮಾತಾಡಿಸುತ್ತಿದ್ದೆವು. ಹಿರಿಯ ಪರೀಕ್ಷಕ, ಮನುಷ್ಯನಿಗಲ್ಲದಿದ್ದರೂ ಕುರ್ಚಿಗೆ ಮರ್ಯಾದೆ ಕೊಡಬೇಕಲ್ಲ. ಈಗ ಅವನಿಗೂ ಆ ಕುರ್ಚಿ ಇಲ್ಲ, ನನಗೂ ಇಲ್ಲ. ಆದ್ದರಿಂದ ಇಲ್ಲಿ ಏಕವಚನವೇ ಸಾಕು.

ಏನಾದರೂ ಹೊಸತು ಕಂಡುಹಿಡಿದೆ ಎನ್ನುವವರು ನಮ್ಮಲ್ಲಿಗೆ ಅರ್ಜಿ ಹಾಕುತ್ತಾರೆ. ಅದು ನಿಜಕ್ಕೂ ಹೊಸತೋ, ಹಿಂದೆಯೇ ಯಾರಾದರೂ ಮಾಡಿಟ್ಟಿದ್ದಾರೋ ಎಂದು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ವರದಿ ಬರೆಯುವುದು ಪರೀಕ್ಷಕನ ಕೆಲಸ. ನನ್ನ ಪಾಲಿಗೆ ಪಂಪು, ನಲ್ಲಿ, ಕೊಳವೆ ಬಂದಿದ್ದವು. ಅವನ ಪಾಲಿಗೆ ಬಾಗಿಲು, ಮುಚ್ಚಳ, ಕೀಲು, ಬೀಗ. ತೆರೆಯುವುದು, ಮುಚ್ಚುವುದು ಏನಿದ್ದರೂ ಅವನ ಮೇಜಿಗೆ ಹೋಗುತ್ತಿತ್ತು. ನಮ್ಮಿಬ್ಬರ ನಡುವೆ ಎದೆಯೆತ್ತರದ ಪ್ಲೈವುಡ್ ಹಲಗೆಯೊಂದೇ ಅಡ್ಡ. ಊಟವಾದ ಮೇಲಿನ ಅವನ ಗೊರಕೆಗೂ, ಎದ್ದ ಮೇಲಿನ ಅವನ ಗತ್ತಿಗೂ ನಾನೇ ಸಾಕ್ಷಿ.

ಅರ್ಜಿ ಕೈಗೆ ಬಂದೊಡನೆ ಮೊದಲ ಪುಟದ ಚಿತ್ರ ನೋಡುವುದು, ತುಟಿ ಕೊಂಕಿಸುವುದು, "ಇದ್ರಲ್ಲಿ ಹೊಸತೇನು?" ಎನ್ನುವುದು. ಅದಕ್ಕೇ ಜವಾನನಿಂದ ಹಿಡಿದು ಎಲ್ಲರಿಗೂ ಬೆನ್ನ ಹಿಂದೆ ಅವನು ಹೊಸತೇನು ಸಾಹೇಬ. ಪ್ರಶ್ನೆಯೇನೂ ತಪ್ಪಲ್ಲ, ಪರೀಕ್ಷಕ ಕೇಳಲೇಬೇಕಾದ ಪ್ರಶ್ನೆ. ಆದರೆ ಕೇಳಿದ ಮೇಲೆ ಉತ್ತರ ಹುಡುಕಬೇಕಲ್ಲ? ಅವನು ಕೇಳಿ ಮುಗಿಸಿ ಚಹಾಕ್ಕೆ ಎದ್ದು ಹೋಗುತ್ತಿದ್ದ.

ಹೊಸತು ಮಾಡಲು ಹೊರಟವರೆಂದರೆ ಅವನಿಗೆ ತಾತ್ಸಾರ. "ಮಾಡೋಕೆ ಬೇರೆ ಕೆಲಸ ಇಲ್ದೋರು" ಎನ್ನುತ್ತಿದ್ದ. ತಾನು ಮಾತ್ರ ಗೋಡೆಗೆ ಒಂದು ಮೊಳೆ ಹೊಡೆದವನಲ್ಲ. ಅವನ ಹೆಂಡತಿ ಮನೆಯ ಕೆಳಗೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಮಿಶಿನ್ನಿನ ಬೆಲ್ಟು ಜಾರಿದರೆ ಆಕೆ ಬಗ್ಗಿ ಏರಿಸಿಕೊಳ್ಳುತ್ತಿದ್ದರು. ಇವನು ಪಕ್ಕದಲ್ಲಿ ನಿಂತು ಬೆಲ್ಟು ಎಂಬುದು ಎಷ್ಟು ಹಳೆಯ ಉಪಾಯ ಎಂದು ಉಪದೇಶ ಮಾಡುತ್ತಿದ್ದ. ನನ್ನಾಕೆ ಬಟ್ಟೆ ಹೊಲಿಸುತ್ತಿದ್ದುದು ಅಲ್ಲೇ. ಹಾಗಾಗಿ ಅವನ ಮನೆಯ ಸುದ್ದಿ ಕೇಳದಿದ್ದರೂ ನನ್ನ ಕಿವಿಗೆ ಬೀಳುತ್ತಿತ್ತು.

ವರದಿ ಬರೆಯುವುದಕ್ಕೆ ಅವನದೊಂದು ಅಡ್ಡದಾರಿ ಇತ್ತು. ಹಳೆಯ ವರದಿಯೊಂದನ್ನು ಕಂಪ್ಯೂಟರಿನಲ್ಲಿ ತೆರೆಯುವುದು, ಅರ್ಜಿಯ ಸಂಖ್ಯೆ ಬದಲಿಸುವುದು, ವಸ್ತುವಿನ ಹೆಸರು ಬದಲಿಸುವುದು, ಕಳಿಸುವುದು. ಯಾವುದಾದರೂ ಎರಡು ಹಳೆಯ ಪೇಟೆಂಟುಗಳನ್ನು ತಂದು ನಿಲ್ಲಿಸಿ, "ಇವೆರಡನ್ನೂ ಕೂಡಿಸಿದರೆ ಇದೇ ಆಗುತ್ತದೆ, ಈ ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು" ಎಂದು ಷರಾ ಬರೆಯುವುದು. ಬೇರೆಯವರಿಗೆ ಹೊಳೆದು, ಅವರು ಮಾಡಿ, ಚಿತ್ರ ಬರೆದು ತಂದುಕೊಟ್ಟ ಮೇಲೆ ಅವನಿಗೆ ಎಲ್ಲವೂ ಹೊಳೆಯುತ್ತಿತ್ತು.

ಹೀಗಿರುವಾಗ ಆ ಬಾಗಿಲಿನ ಅರ್ಜಿ ಬಂತು. ವಾಹನಗಳ ಬಿಡಿಭಾಗ ಮಾಡುವ ಸಣ್ಣ ಕಂಪನಿಯದು. ಸಾಮಾನು ಸಾಗಿಸುವ ವ್ಯಾನುಗಳಲ್ಲಿ ಹಿಂಬಾಗಿಲು ಮೇಲಕ್ಕೆ ಏಳುತ್ತದಲ್ಲ, ಅದನ್ನು ಎರಡೂ ಕಡೆ ಎತ್ತಿ ಹಿಡಿಯಲು ಗ್ಯಾಸು ತುಂಬಿದ ಸಣ್ಣ ಕಂಬಿಗಳಿರುತ್ತವೆ. ಹಳತಾದರೆ ಗ್ಯಾಸು ಸೋರಿ ಬಾಗಿಲು ಧೊಪ್ಪನೆ ಕೆಳಗೆ ಬರುತ್ತದೆ. ಈ ಕಂಪನಿಯವರು ಕಂಬಿಯೊಳಗೆ ಸಣ್ಣ ಮೋಟಾರು, ಉದ್ದನೆಯ ತಿರುಪು ಮತ್ತು ಸ್ಪ್ರಿಂಗು ಕೂರಿಸಿದ್ದರು. ಗುಂಡಿ ಒತ್ತಿದರೆ ಬಾಗಿಲು ತಾನೇ ಏಳುತ್ತದೆ. ಒಳಗೆ ಉಜ್ಜಿಕೊಂಡು ಬಿಗಿಹಿಡಿಯುವ ಬಳೆಯೊಂದಿತ್ತು. ಬ್ಯಾಟರಿ ಸತ್ತರೂ, ಮೋಟಾರು ಕೈಕೊಟ್ಟರೂ ಬಾಗಿಲು ಇದ್ದಲ್ಲೇ ನಿಲ್ಲುತ್ತದೆ. ಅವರು ಹಕ್ಕು ಕೇಳಿದ್ದು ಮುಖ್ಯವಾಗಿ ಈ ಬಳೆಗೆ.

ಅರ್ಜಿಯ ಭಾಷೆಯ ಬಗ್ಗೆ ನಾನೇನೂ ಒಳ್ಳೆಯ ಮಾತಾಡುವುದಿಲ್ಲ. ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟರಿಗೆ ಬಾಗಿಲನ್ನು ಬಾಗಿಲು ಎಂದರೆ ನಾಲಿಗೆ ಸವೆಯುತ್ತದೆ. "ವಾಹನಕಾಯಕ್ಕೆ ಸಾಪೇಕ್ಷವಾಗಿ ಚಲಿಸಬಲ್ಲ ಆವರಣಾಂಗ" ಎಂದು ಬರೆದಿದ್ದರು. ಆದರೂ ಇಪ್ಪತ್ತು ಪುಟ ತಾಳ್ಮೆಯಿಂದ ಓದಿದರೆ ಬಳೆ ಕಾಣುತ್ತಿತ್ತು. ಇವನು ಮೊದಲ ಪುಟ ದಾಟಲಿಲ್ಲ. ಗ್ಯಾಸು ಕಂಬಿಯದೊಂದು ಪೇಟೆಂಟು, ಮೋಟಾರಿನಿಂದ ಏಳುವ ಮುಚ್ಚಳದ್ದೊಂದು ಪೇಟೆಂಟು ಎದುರಿಗಿಟ್ಟು ಎರಡನ್ನೂ ಕೂಡಿಸಿಬಿಟ್ಟ. ಕಂಪನಿಯವರು ಬಳೆಯ ವಿಷಯ ಬಿಡಿಸಿ ಬರೆದು ಉತ್ತರ ಕಳಿಸಿದರು. ಇವನು ಹಳೆಯ ವರದಿಯನ್ನೇ ತಾರೀಖು ತಿದ್ದಿ ತಿರುಗಿ ಕಳಿಸಿದ. ಅವರು ಮುಖಾಮುಖಿ ವಿಚಾರಣೆ ಬೇಕೆಂದು ಪಟ್ಟು ಹಿಡಿದರು.

ವಿಚಾರಣೆಗೆ ಮುಂಚಿನ ವಾರ ಇನ್ನೊಂದು ಘಟನೆ ನಡೆಯಿತು. ಅವನ ಹೆಂಡತಿಯ ತಮ್ಮ ಹೊಸ ಕಾರು ತೆಗೆದುಕೊಂಡು ತೋರಿಸಲು ಬಂದಿದ್ದ. ಅದರ ಹಿಂಬಾಗಿಲೂ ಮೋಟಾರಿನದೇ. ಆ ಹುಡುಗ ಗುಂಡಿ ಒತ್ತಿದ, ಬಾಗಿಲು ನಿಧಾನಕ್ಕೆ ಏಳತೊಡಗಿತು. ನಮ್ಮ ಸಾಹೇಬನಿಗೆ ತಡೆಯಲಾಗಲಿಲ್ಲ, ಮುಂದೆ ಹೋಗಿ ಎರಡೂ ಕೈಯಿಂದ ಅದನ್ನು ಕೆಳಕ್ಕೆ ಅದುಮಿದ.

"ಭಾವ, ಕೈ ಹಾಕ್ಬೇಡಿ, ಅದೇ ಏಳುತ್ತೆ."

"ಸುಮ್ನಿರಯ್ಯ. ಇಂಥ ಬಾಗಿಲುಗಳ ಮೇಲೆ ತೀರ್ಪು ಬರೆಯೋನು ನಾನು. ಒಳಗೆ ಏನಿರುತ್ತೆ ಅಂತ ನಂಗೊತ್ತಿಲ್ವಾ?"

ಒಳಗೆ ಏನಿತ್ತೋ ಅದು ಕಟಕ್ ಎಂದಿತು. ಬಾಗಿಲು ಅರ್ಧಕ್ಕೆ ನಿಂತು, ಒಂದು ಪಕ್ಕಕ್ಕೆ ಸೊಟ್ಟಗಾಯಿತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಭಾವಮೈದುನ ಹಗ್ಗದಲ್ಲಿ ಕಟ್ಟಿಕೊಂಡು ಹೊಸ ಕಾರನ್ನು ಗ್ಯಾರೇಜಿಗೆ ಒಯ್ದ. "ಮಾಡಿದೋರು ಸರಿಯಾಗಿ ಮಾಡಿಲ್ಲ" ಎಂದು ಇವನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಕುಣಿಯಲಾರದವಳಿಗೆ ನೆಲ ಡೊಂಕು. ಹೆಂಡತಿ ಕತ್ತರಿಯಿಂದ ತಲೆಯೆತ್ತದೆ, "ನೀವು ಮುಟ್ಟೋವರೆಗೂ ಸರಿಯಾಗಿತ್ತು" ಎಂದರಂತೆ. ಇಷ್ಟಾದ ಮೇಲಾದರೂ ಆ ಕಂಬಿಯೊಳಗೆ ಏನಿದೆ ಎಂದು ಅರ್ಜಿಯನ್ನು ತೆರೆದು ನೋಡಿದನೇ? ಇಲ್ಲ.

ವಿಚಾರಣೆ ನಮ್ಮ ಮೇಲಧಿಕಾರಿಯ ಕೋಣೆಯಲ್ಲಿ. ಮೇಡಂ ಮಿತಭಾಷಿ, ಕನ್ನಡಕದ ಮೇಲಿಂದ ನೋಡಿದರೆಂದರೆ ಮಾತು ಮುಗಿಯಿತು ಎಂದರ್ಥ. ಹಳೆಯ ವರದಿಗಳು ಬೇಕಾದರೆ ತೆಗೆದುಕೊಡಲು ನನ್ನನ್ನೂ ಕೂರಿಸಿಕೊಂಡಿದ್ದರು. ಕಂಪನಿಯ ಪರವಾಗಿ ಇಬ್ಬರು ಬಂದಿದ್ದರು. ಒಬ್ಬ ಸೊರಗಿದ ಏಜೆಂಟು. ಇನ್ನೊಬ್ಬರು ಆ ಕಂಬಿಯನ್ನು ರೂಪಿಸಿದ ಎಂಜಿನಿಯರಮ್ಮ, ನಲವತ್ತರ ಆಸುಪಾಸಿನವರು. ಆಕೆ ಒಂದು ಕಂಬಿಯನ್ನು ಉದ್ದಕ್ಕೆ ಸೀಳಿಸಿ ತಂದು ಮೇಜಿನ ಮೇಲೆ ಇಟ್ಟಿದ್ದರು. ಸಾಹೇಬ ಅದರತ್ತ ಕಣ್ಣೂ ಹಾಯಿಸಲಿಲ್ಲ.

ಏಜೆಂಟು ವರದಿ ಕೈಗೆತ್ತಿಕೊಂಡ. "ಐದನೇ ಆಕ್ಷೇಪಣೆ ಓದ್ತೀನಿ ಮೇಡಂ. 'ನೀರು ಬಸಿದ ಬಟ್ಟೆಗಳನ್ನು ಹೊರತೆಗೆಯುವಾಗ ಮುಚ್ಚಳವು ತೆರೆದೇ ಇರಬೇಕೆಂಬುದು ಸರ್ವವಿದಿತ.' ನಮ್ಮದು ವ್ಯಾನು ಮೇಡಂ."

ಬಟ್ಟೆ ಒಗೆಯುವ ಯಂತ್ರದ ಹಳೆಯ ವರದಿಯಿಂದ ಎತ್ತಿದ ಸಾಲು, ಹೆಸರು ಬದಲಿಸಲು ಮರೆತದ್ದು.

"ತತ್ವ ಒಂದೇ" ಎಂದ ಸಾಹೇಬ.

"ಹಾಗಾದ್ರೆ ವ್ಯಾನಲ್ಲೇ ಬಟ್ಟೆ ಒಗೀಬಹುದಾ ಸರ್?" ಎಂಜಿನಿಯರಮ್ಮ ಬಹಳ ವಿನಯದಿಂದ ಕೇಳಿದರು.

ಮೇಡಂ ನಗಲಿಲ್ಲ. "ಬಿಗಿಹಿಡಿಯೋ ಬಳೆ ಹಳೇ ಪೇಟೆಂಟಲ್ಲಿ ಇದೆ ಅಂತೀರಲ್ಲ, ಯಾವ ಚಿತ್ರದಲ್ಲಿದೆ ತೋರಿಸಿ" ಎಂದರು.

ಅವನು ಹಾಳೆ ಮಗುಚಿದ, ತಿರುಗಿ ಮಗುಚಿದ. ಕೊನೆಗೆ ಒಂದು ಕಡೆ ಬೆರಳಿಟ್ಟ. ಎಂಜಿನಿಯರಮ್ಮ ಬಗ್ಗಿ ನೋಡಿದರು.

"ಅದು ಧೂಳು ಹೋಗದೆ ಇರ್ಲಿ ಅಂತ ಹಾಕೋ ರಬ್ಬರು ಸರ್. ಕಂಬಿಯ ಬಾಯಲ್ಲಿದೆ. ಅದು ಏನನ್ನೂ ಹಿಡ್ಕೊಳ್ಳಲ್ಲ."

"ಬಿಗಿಯಾಗಿ ಹಾಕಿದ್ರೆ ಹಿಡ್ಕೊಳ್ಳುತ್ತೆ."

"ಹಾಗೆ ಅವರೂ ಬರೆದಿಲ್ಲ, ನೀವೂ ಬರೆದಿಲ್ಲ." ಆಕೆಯ ದನಿ ಗಟ್ಟಿಯಾಯಿತು. "ಬ್ರೆಡ್ ಹಾಕೋ ವ್ಯಾನಿನ ಡ್ರೈವರ್ ಒಬ್ಬರು ನಮ್ಮ ಹತ್ರ ಬಂದಿದ್ರು. ಟ್ರೇ ಇಳಿಸ್ತಾ ಇದ್ದಾಗ ಬಾಗಿಲು ಬಂದು ಹೆಗಲ ಮೇಲೆ ಬಿದ್ದಿದೆ. ಈಗ ಆ ಕೈ ಮೇಲಕ್ಕೆ ಏಳಲ್ಲ. ಅದನ್ನ ನೋಡಿದ ಮೇಲೆ ನಾವು ಇದನ್ನ ಮಾಡೋಕೆ ಕೂತಿದ್ದು."

"ಬಾಗಿಲ ಕೆಳಗೆ ನಿಲ್ಲೋರು ಸ್ವಲ್ಪ ತಲೆ ಓಡಿಸ್ಬೇಕು" ಎಂದ ಅವನು.

ಅವನ ಜೊತೆ ಅಷ್ಟು ವರ್ಷ ಕೆಲಸ ಮಾಡಿದ್ದೆ. ಸೋಮಾರಿ ಎಂದು ಗೊತ್ತಿತ್ತು, ಜಂಬಗಾರ ಎಂದು ಗೊತ್ತಿತ್ತು. ಆ ಮಾತು ಕೇಳಿದ ಮೇಲೆ ಅವನ ಪಕ್ಕದ ಕುರ್ಚಿಯಲ್ಲಿ ಕೂತಿರುವುದಕ್ಕೇ ಹೇಸಿಗೆಯೆನಿಸಿತು. ಎಂಜಿನಿಯರಮ್ಮ ಸೀಳಿದ ಕಂಬಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಮೇಡಂ ಕನ್ನಡಕದ ಮೇಲಿಂದ ಅವನನ್ನು ನೋಡಿ, "ಫೈಲು ನನ್ನ ಹತ್ರ ಬಿಟ್ಟುಹೋಗಿ" ಎಂದರು.

ಇಲ್ಲಿಗೆ ಅವನ ಬಂಡವಾಳ ಬಯಲಾಯಿತು, ಕಥೆ ಮುಗಿಯಿತು ಎಂದು ನಾನು ಎಣಿಸಿದ್ದೆ. ಆದರೆ ಇಂಥವರನ್ನು ಕಾಯಲು ಯಾವುದೋ ದೇವರು ಇರುತ್ತಾನೆ. ಮೇಡಂ ತಾವೇ ಕೂತು ಹುಡುಕಿದರು. ಬಾಗಿಲು, ಮುಚ್ಚಳಗಳ ರಾಶಿ ಬಿಟ್ಟು ಬೇರೆ ರಾಶಿಗಳಿಗೆ ಕೈ ಹಾಕಿದರು. ಅಲ್ಲಿ ಅಟ್ಟ ಹತ್ತುವ ಮಡಚು ಏಣಿಯೊಂದರ ಹಳೆಯ ಪೇಟೆಂಟು ಸಿಕ್ಕಿತು. ಅದಕ್ಕೂ ಮೋಟಾರು, ಅದಕ್ಕೂ ತಿರುಪು. ಕರೆಂಟು ಹೋದಾಗ ಏಣಿ ಜಾರಿ ತಲೆಯ ಮೇಲೆ ಬೀಳದಿರಲೆಂದು ಒಳಗೆ ಥೇಟ್ ಅಂಥದೇ ಬಳೆ.

"ಏಣಿ ಹೇಗೆ ಹೊಳೀತು ಮೇಡಂ?" ಎಂದು ಕೇಳಿದೆ.

"ಬಾಗಿಲು ಅಂತ ಹುಡುಕಿದ್ರೆ ಬಾಗಿಲೇ ಸಿಗೋದು. ಬೀಳಬಾರದ್ದು ಇನ್ನೇನೇನಿದೆ ಅಂತ ಯೋಚ್ನೆ ಮಾಡ್ದೆ" ಎಂದರು.

ಅಂದರೆ ಬಳೆ ಹೊಸತಾಗಿರಲಿಲ್ಲ. ಮೇಡಂ ಏಣಿಯ ಪೇಟೆಂಟನ್ನು ಕಂಪನಿಗೆ ಕಳಿಸಿದರು. ಎಂಜಿನಿಯರಮ್ಮ ಮತ್ತೆ ಬಂದಾಗ ಹೊರಗಿನ ಬೆಂಚಿನಲ್ಲಿ ನನಗೆ ಸಿಕ್ಕರು. "ಏಣಿ ನೋಡಿದೆ. ಯಾರೋ ಪುಣ್ಯಾತ್ಮ ಎಷ್ಟು ಚೆನ್ನಾಗಿ ಮಾಡಿದಾನೆ. ಬೈಯೋಕೂ ಮನಸ್ಸು ಬರ್ಲಿಲ್ಲ" ಎಂದರು. ಆದರೆ ಏಣಿಯ ಬಳೆ ಏರುವಾಗಲೂ ಇಳಿಯುವಾಗಲೂ ಒಂದೇ ಸಮ ಬಿಗಿ. ಇವರದು ಎತ್ತುವಾಗ ಸಡಿಲ, ಇಳಿಯುವಾಗ ಮಾತ್ರ ಬಿಗಿ. ಬ್ಯಾಟರಿ ಸತ್ತಾಗಲೂ ಒಂದೇ ಕೈಯಲ್ಲಿ ಬಾಗಿಲು ಎತ್ತಬಹುದು. ಅಷ್ಟಕ್ಕೆ ಮಾತ್ರ ಹಕ್ಕು ಕೇಳಿ ತಿದ್ದಿ ಬರೆದುಕೊಟ್ಟರು. ಮೇಡಂ ತಿರುಗಿ ಹುಡುಕಿದರು, ಎಲ್ಲೂ ಸಿಗಲಿಲ್ಲ. ಪೇಟೆಂಟು ಕೊಟ್ಟರು. ಕೆಲಸ ಬಲ್ಲ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಮರ್ಯಾದೆಯಿಂದ ಮುಗಿಸಿದ ಕೆಲಸ ಅದು.

ನಮ್ಮ ಸಾಹೇಬ ಏಣಿಯ ಸುದ್ದಿ ಕೇಳಿದ ದಿನವೇ ಎದೆಯುಬ್ಬಿಸಿಕೊಂಡು ಕೋಣೆ ಕೋಣೆ ಸುತ್ತಿದ. "ನಾನು ಮೊದಲ ದಿನವೇ ಹೇಳಿದ್ನಲ್ಲ, ಹೊಸತಲ್ಲ ಅಂತ?" ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಕಾಗೆ ತಾನೇ ಕೊಂಬೆ ಮುರಿದೆ ಎನ್ನುತ್ತಿತ್ತು. ಮುಂದೆ ಪೇಟೆಂಟು ಸಿಕ್ಕಾಗ, "ನನ್ನ ಆಕ್ಷೇಪಣೆ ಬಿಗಿಯಾಗಿತ್ತು, ಅದಕ್ಕೇ ಅವರು ಸರಿಯಾಗಿ ತಿದ್ಕೊಂಡ್ರು" ಎಂದ. ಆಮೇಲಾಮೇಲೆ ಬಟ್ಟೆ ಒಗೆಯುವ ಯಂತ್ರದ ಮಾತು ಎಲ್ಲರಿಗೂ ಮರೆತು, ಏಣಿ ಮಾತ್ರ ಉಳಿಯಿತು. ಅದೂ ಅವನ ಏಣಿಯಾಗಿ. ಹೊಸದಾಗಿ ಸೇರಿದ ಪರೀಕ್ಷಕಿಯೊಬ್ಬಳು ಕಣ್ಣರಳಿಸಿ, "ಏಣಿ ಕಡೆ ನೋಡ್ಬೇಕು ಅಂತ ನಿಮಗೆ ಹೇಗೆ ಹೊಳೀತು ಸರ್?" ಎಂದು ಕೇಳಿದಳು. ಅವನು ಕುರ್ಚಿಗೆ ಒರಗಿ, "ಅನುಭವ" ಎಂದ. ಹಲಗೆಯ ಈಚೆ ನನ್ನ ಕೈಯಲ್ಲಿದ್ದ ಪೆನ್ಸಿಲ್ಲಿನ ಮೊನೆ ಮುರಿಯಿತು.

ನಾನು ಮೇಡಂ ಹತ್ತಿರ ಹೋಗಿ, "ನಿಮಗೆ ಸಿಟ್ಟು ಬರಲ್ವಾ?" ಎಂದೆ.

"ಅವರ ಬಾಯಿ ಮುಚ್ಚೋಕೆ ಎರಡು ಮೋಟಾರು ಬೇಕು. ನಂಗೆ ಬೇರೆ ಕೆಲ್ಸ ಇದೆ" ಎಂದು ಫೈಲಿಗೆ ತಿರುಗಿದರು. ಆಮೇಲೆ ಒಂದೇ ಒಂದು ಕೆಲಸ ಮಾಡಿದರು. ಆ ನಂತರ ಅವನು ಬರೆದ ಯಾವ ವರದಿಯೂ ಅವರು ಓದಿ ಸಹಿ ಹಾಕದೆ ಹೊರಗೆ ಹೋಗಲಿಲ್ಲ. ಅದರಿಂದ ಅವನಿಗೆ ಅವಮಾನವಾಗಬೇಕಿತ್ತು. "ಮೇಡಂ ನನ್ನ ಬರವಣಿಗೆ ನೋಡಿ ಕಲೀತಿದ್ದಾರೆ" ಎಂದು ಕ್ಯಾಂಟೀನಿನಲ್ಲಿ ಹೇಳಿದ.

ನನಗಿಂತ ಒಂದು ವರ್ಷ ಮೊದಲು ಅವನು ನಿವೃತ್ತನಾದ. ಬೀಳ್ಕೊಡುಗೆಯಲ್ಲಿ ಏಣಿಯ ಬಗ್ಗೆಯೇ ಮಾತಾಡಿದ. ಮೇಡಂ ಚಪ್ಪಾಳೆ ತಟ್ಟಿ ಎದ್ದುಹೋದರು. ಆಮೇಲೆ ಅದೇ ಸೊರಗಿದ ಏಜೆಂಟನ ಕಚೇರಿಯವರು ಸಲಹೆಗಾರನೆಂದು ಕರೆದುಕೊಂಡರಂತೆ. ಪೇಟೆಂಟ್ ಕಚೇರಿಯ ಒಳಹೊರಗು ಬಲ್ಲವನು ಎಂಬ ಆಸೆ. ಒಬ್ಬರ ಅರ್ಜಿಯ ಪುಟಗಳನ್ನು ಇನ್ನೊಬ್ಬರ ಅರ್ಜಿಗೆ ಅಂಟಿಸಿ ಇಬ್ಬರು ಗಿರಾಕಿಗಳೂ ಕೈಬಿಟ್ಟು ಹೋಗುವಂತೆ ಮಾಡಿದ. ಅವರು ಕೈಮುಗಿದು ಮನೆಗೆ ಕಳಿಸಿದರು.

ಒಂದು ಸಂಜೆ ನನ್ನಾಕೆಯ ಬಟ್ಟೆ ತರಲು ಹೊಲಿಗೆ ಅಂಗಡಿಗೆ ಹೋದೆ. ಅವನು ಮೂಲೆಯ ಸ್ಟೂಲಿನ ಮೇಲೆ ಕೂತು ಹಳೆಯ ಪ್ಯಾಂಟೊಂದರ ಹೊಲಿಗೆ ಬಿಚ್ಚುತ್ತಿದ್ದ. ಸೊಂಟದ ಹತ್ತಿರ ಬಟ್ಟೆಯೂ ಹರಿದಿತ್ತು. ನಾನು ನೋಡುತ್ತಿರುವುದನ್ನು ಕಂಡು ಅವನ ಹೆಂಡತಿ, "ಗಿರಾಕಿಗಳದ್ದು ಇವರ ಕೈಗೆ ಕೊಡಲ್ಲ ಬಿಡಿ. ಇದು ಇವರದ್ದೇ ಪ್ಯಾಂಟು" ಎಂದರು.

ಅವನು ತಲೆಯೆತ್ತಿದ. "ನನ್ನ ಜಾಗಕ್ಕೆ ಯಾರನ್ನ ಹಾಕಿದ್ರು?"

"ಯಾರನ್ನೂ ಹಾಕಿಲ್ಲ. ಆ ಹೊಸ ಹುಡುಗೀನೇ ನೋಡ್ಕೊಳ್ತಾಳೆ. ಅವಳ ಕೆಲಸದ ಜೊತೆಗೇ ಅದೂ ಆಗುತ್ತೆ."

ಅವನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ? ನನ್ನ ಜಾಗ ತುಂಬೋಕೆ ಯಾರೂ ಸಿಕ್ಕಿಲ್ಲ" ಎಂದ.

ಆಕೆ ಮಿಶಿನ್ನು ತುಳಿಯುವುದನ್ನು ನಿಲ್ಲಿಸಲಿಲ್ಲ. ನಾನು ಬಟ್ಟೆಯ ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಯ ಮೆಟ್ಟಿಲು ಇಳಿದು ಬಂದೆ.