ಬೋರ್ಡ್ ಬಂತು, ಅಂಗಿಗಳು ಬರಲಿಲ್ಲ

ಬೆಳಗಿನ ಐದೂಮುಕ್ಕಾಲು. ಮೆಟ್ಟಿಲ ಕೆಳಗಿನ ಎಂಟಡಿ ಅಗಲದ ಅಂಗಡಿಯಲ್ಲಿ ಇಸ್ತ್ರಿ ಅಕ್ಕ ಬಿಳಿ ಅಂಗಿಯೊಂದರ ಮೇಲೆ ನೀರು ಚಿಮುಕಿಸುತ್ತಿದ್ದಾರೆ. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಹನ್ನೊಂದು ವರ್ಷ ಇದನ್ನೇ ಮಾಡಿ ಬಲ ಭುಜ ಮೇಲೇಳದಾಗಿದೆ. ತಲೆ ಬಾಚಲು ಎಡಗೈಯೇ ಗತಿ. ಆದರೂ ದಿನಕ್ಕೆ ನೂರಿಪ್ಪತ್ತು ಬಟ್ಟೆಗೆ ಕಡಿಮೆಯಿಲ್ಲ.

ಅಂಗಡಿ ಶುರುವಾದದ್ದು ಗಂಡನ ಫ್ಯಾಕ್ಟರಿ ಮುಚ್ಚಿದಾಗ. ಹದಿನಾಲ್ಕು ತಿಂಗಳು ಅವರು ಕೆಲಸಕ್ಕಾಗಿ ಚಪ್ಪಲಿ ಸವೆಸಿದರು. "ಒಂದ್ಸಲ ಗೇಟಲ್ಲೇ ಮೇಲಿಂದ ಕೆಳಗೆ ನೋಡಿ ವಾಪಸ್ ಕಳಿಸಿದ್ರಂತೆ. ಅಂಗಿ ಮುದುರಿತ್ತು, ಅಷ್ಟೇ. ಮನೇಲಿ ಕರೆಂಟ್ ಇರ್ಲಿಲ್ಲ. ಅವತ್ತಿನ ಅವರ ಮುಖ ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ," ಎನ್ನುತ್ತಾರೆ ಅಕ್ಕ. ಗಂಡ ತೀರಿಕೊಂಡು ಆರು ವರ್ಷವಾಯಿತು. ಕೆಲಸದ ಸಂದರ್ಶನಕ್ಕೆ ಹೊರಟವರ ಬಟ್ಟೆಗೆ ಅಕ್ಕ ಮೊದಲಿನಿಂದಲೂ ಕಾಸು ಮುಟ್ಟಿಲ್ಲ. ಹೇಳಿಕೊಂಡೂ ಇರಲಿಲ್ಲ. ಕಿವಿಯಿಂದ ಕಿವಿಗೆ ಸುದ್ದಿ ಹೋಗಿ ವಾರಕ್ಕೆ ಏಳೆಂಟು ಮಂದಿ ಬರುತ್ತಿದ್ದರು, ಬೀದಿ ಏಳುವ ಮುಂಚೆ.

ಕಳೆದ ವರ್ಷ ಪಕ್ಕದ ರಸ್ತೆಯಲ್ಲಿ ಯಂತ್ರಗಳ ದೊಡ್ಡ ಲಾಂಡ್ರಿ ತೆರೆಯಿತು. ಅರ್ಧ ಗಿರಾಕಿಗಳು ಅತ್ತ ಹೋದರು. ಮಾರ್ಕೆಟಿಂಗ್ ಓದಿದ ಮಗಳು ದಾರಿ ಹುಡುಕಿದಳು: ಅಮ್ಮ ಮಾಡುವ ಒಳ್ಳೆಯ ಕೆಲಸವನ್ನೇ ಜನರಿಗೆ ಹೇಳೋಣ. ಎಂಟು ತಿಂಗಳ ಹಿಂದೆ ದೊಡ್ಡ ಹಳದಿ ಬೋರ್ಡ್ ಬಂತು: 'ನಿಮ್ಮ ಹತ್ತು ಬಟ್ಟೆಯಿಂದ ಒಬ್ಬ ನಿರುದ್ಯೋಗಿಗೆ ಉಚಿತ ಇಸ್ತ್ರಿ'. ಫೋನಿನಿಂದ ಫೋನಿಗೆ ಅದರ ಫೋಟೊ ಹಬ್ಬಿತು. ಹಂಚಿಕೊಂಡವರಲ್ಲಿ ನಾನೂ ಒಬ್ಬ. ಎರಡು ಪ್ಯಾಂಟು ಕೊಟ್ಟು, ದೇಶೋದ್ಧಾರ ಮಾಡಿದವನ ಹಾಗೆ ಎದೆಯುಬ್ಬಿಸಿ ಮನೆಗೆ ಹೋದವನು. ಪ್ರಚಾರ ಫಲಿಸಿತು. ಅರವತ್ತಕ್ಕೆ ಇಳಿದಿದ್ದ ದಿನದ ಬಟ್ಟೆ ಇಮ್ಮಡಿಯಾಯಿತು.

ಆದರೆ ಸಂದರ್ಶನದ ಅಂಗಿಗಳು ನಿಂತವು. ಮೊದಲ ತಿಂಗಳು ಮೂರು, ಮರು ತಿಂಗಳು ಒಂದು, ಆಮೇಲೆ ಸೊನ್ನೆ. "ಆ ಬೋರ್ಡ್ ಕೆಳಗೆ ಬಂದು ನಿಂತ್ರೆ, ನಂಗೆ ಕೆಲಸ ಇಲ್ಲ ಅಂತ ಡಂಗುರ ಹೊಡೆದ ಹಾಗಲ್ವಾ? ನಾವು ಅಮ್ಮ ಮಗಳು ಇಬ್ರಿಗೂ ಇದು ಹೊಳೀಲೇ ಇಲ್ಲ ನೋಡಿ."

ಬೋರ್ಡ್ ತೆಗೆಯಬಹುದಲ್ಲ ಎನ್ನುತ್ತೇನೆ. "ಹೋದ ತಿಂಗಳು ತೆಗೆದಿದ್ವಿ. ಒಳ್ಳೇ ಕೆಲಸ ನಿಲ್ಲಿಸಿಬಿಟ್ರಾ ಅಂತ ಗಿರಾಕಿಗಳು ಮುಖ ಸಿಂಡರಿಸಿದ್ರು. ಒಂದೇ ವಾರಕ್ಕೆ ಬಟ್ಟೆ ಅರ್ಧ ಆಯ್ತು. ಇಂಟರ್‌ವ್ಯೂಗೆ ಹೋಗೋರಂತೂ ಬರ್ಲೇ ಇಲ್ಲ." ಮಗಳು ಮತ್ತೆ ಏಣಿ ಹತ್ತಿದಳು. ಬೋರ್ಡ್ ಇದ್ದರೆ ಅಂಗಡಿ ಉಳಿಯುತ್ತದೆ, ಅಕ್ಕ ಕಾಯುವವರು ಬರುವುದಿಲ್ಲ. ಬಟ್ಟೆ ಒಯ್ಯಲು ಬಂದ ಹೆಂಗಸೊಬ್ಬರು, "ಈ ವಾರ ಎಷ್ಟು ಜನಕ್ಕೆ ಸಹಾಯ ಆಯ್ತು?" ಎಂದು ನಗುನಗುತ್ತಾ ಕೇಳುತ್ತಾರೆ. ಅಕ್ಕ ಗಂಟು ಕಟ್ಟಿ ಅವರ ಕೈಗಿಡುತ್ತಾರೆ.

ಆರೂವರೆ. ಎದುರಿನ ಫುಟ್‌ಪಾತಿನಲ್ಲಿ ನಡುವಯಸ್ಸಿನವರೊಬ್ಬರು ಫೈಲು ಹಿಡಿದು ಬಸ್ಸಿಗೆ ಹೊರಟಿದ್ದಾರೆ. ಅಂಗಿ ಮುದ್ದೆಯಾಗಿದೆ. ಹಿಂದೆ ಮೂರು ಸಲ ಬಂದವರೆಂದು ಅಕ್ಕನಿಗೆ ಗುರುತು ಸಿಗುತ್ತದೆ. ಬಾಗಿಲಿಗೆ ಓಡಿ, "ಅಣ್ಣಾ, ಇಂಟರ್‌ವ್ಯೂ ತಾನೆ? ಬನ್ನಿ, ಐದೇ ನಿಮಿಷ, ದುಡ್ಡೇನೂ ಬೇಡ!" ಎಂದು ಕೂಗುತ್ತಾರೆ. ಹಾಲಿನ ಅಂಗಡಿಯ ಮುಂದೆ ನಿಂತವರೆಲ್ಲ ಫೈಲು ಹಿಡಿದವರತ್ತ ತಿರುಗುತ್ತಾರೆ. ಅವರು ತಲೆ ತಗ್ಗಿಸಿ, ಹೆಜ್ಜೆ ಚುರುಕು ಮಾಡಿ ತಿರುವಿನಲ್ಲಿ ಮರೆಯಾಗುತ್ತಾರೆ.

ಅಕ್ಕ ಒಳಗೆ ಬಂದು ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

"ಕೂಗಿಬಿಟ್ನಲ್ಲ," ಎನ್ನುತ್ತಾರೆ. "ಎಲ್ಲರ ಮುಂದೆ ಕೂಗಿಬಿಟ್ಟೆ. ಇನ್ನು ಅವರು ಈ ರಸ್ತೇಲೂ ಓಡಾಡಲ್ಲ."